ಹೈದರಾಬಾದಿನ ಗಾಜು, ಬೀದರಿನ ಮಣ್ಣು

ಬೇಸಗೆಯಲ್ಲಿ ಎಲ್ಲರೂ ತಂಪು ಹುಡುಕಿಕೊಂಡು ಹೋದರೆ ನಾನು ಹೈದರಾಬಾದಿಗೆ ಹೊರಟೆ. ಮನೆಯವರು ನಕ್ಕರು. ಆದರೆ ನನಗೊಂದು ಕಾರಣವಿತ್ತು. ನಮ್ಮಲ್ಲಿ ಅಜ್ಜಿಯ ಕಾಲದ ಎಲೆಯಡಿಕೆ ಡಬ್ಬಿಯೊಂದಿದೆ. ಕರಿಯ ಮೈಮೇಲೆ ಬೆಳ್ಳಿಯ ಹೂಬಳ್ಳಿ, ಬಿದರಿ ಕೆಲಸ. ಒಂದು ಹಬ್ಬದ ಮುನ್ನಾದಿನ ಅದನ್ನು ಬೆಳಗುವ ಉತ್ಸಾಹದಲ್ಲಿ ಹುಣಸೆಹಣ್ಣು, ಬೂದಿ ಹಾಕಿ ಚೆನ್ನಾಗಿ ತಿಕ್ಕಿಬಿಟ್ಟೆ. ಕಪ್ಪೆಲ್ಲ ಹೋಗಿ ಡಬ್ಬಿ ಸೀಸದ ಬಣ್ಣಕ್ಕೆ ತಿರುಗಿತು, ಹೂಬಳ್ಳಿಯನ್ನು ಹುಡುಕಬೇಕಾಯಿತು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೈದರಾಬಾದಿನಲ್ಲಿ ಬಿಸಿಲೆಂದರೆ ಬಿಸಿಲು. 1591ರ ಚಾರ್‌ಮಿನಾರಿನ ಕಮಾನುಗಳ ನೆರಳಿನಲ್ಲಿ ನಿಂತವರು ಶಿಲ್ಪವನ್ನು ನೋಡುವುದಕ್ಕಿಂತ ಹೆಚ್ಚಾಗಿ ಬೆವರು ಒರೆಸಿಕೊಳ್ಳುತ್ತಿದ್ದರು, ನಾನೂ ಅವರಲ್ಲೊಬ್ಬ. ಪಕ್ಕದ ಲಾಡ್ ಬಜಾರಿನ ಬಳೆಗಳ ಮಿನುಗಿಗೆ ಕಣ್ಣು ಕೋರೈಸಿತು. ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದಲ್ಲಿ ಗಂಟೆ ಹೊಡೆಯುವ ಬೊಂಬೆಯ ಗಡಿಯಾರದ ಮುಂದೆ ಜನ ಸೇರಿದ್ದಾಗ ನಾನು ಬಿದರಿ ಸಾಮಾನಿನ ಮುಂದೆ ನಿಂತಿದ್ದೆ. ಹುಕ್ಕದ ಬುರುಡೆಗಳು, ಹೂಜಿಗಳು, ತಟ್ಟೆಗಳು. ಗಾಜಿನಾಚೆಯ ಆ ಕಪ್ಪನ್ನು ಕಂಡು ನನಗೆ ನಾಚಿಕೆಯಾಯಿತು.

ಅಲ್ಲಿಂದ ಬೀದರ್ ಸುಮಾರು 140 ಕಿಲೋಮೀಟರ್. ಮೊದಲು ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ನೋಡಿದೆ. ಎರಡು ಮಿನಾರುಗಳಲ್ಲಿ ಉಳಿದದ್ದು ಒಂದು. ಅದರ ಮೈಮೇಲೆ ನೀಲಿ ಹೆಂಚಿನ ಚೂರುಗಳು ಅಲ್ಲಲ್ಲಿ ಅಂಟಿಕೊಂಡಿವೆ. ಅಂಥ ಮಂತ್ರಿಯನ್ನು ಸುಲ್ತಾನನು ಕೃತಕ ಪತ್ರವೊಂದನ್ನು ನಂಬಿ 1481ರಲ್ಲಿ ಕೊಲ್ಲಿಸಿದನಂತೆ. ಹೆಚ್ಚು ಹೊತ್ತು ನಿಲ್ಲಲಿಲ್ಲ, ಚೀಲದಲ್ಲಿ ಡಬ್ಬಿಯಿತ್ತು.

ಓಣಿಯೊಂದರಲ್ಲಿ ವಯಸ್ಸಾದ ಕಸಬುದಾರರೊಬ್ಬರು ನೆಲದ ಮೇಲೆ ಕೂತು ಹೂಜಿಗೆ ಉಳಿ ಹಿಡಿದಿದ್ದರು. ಸುಮಾರು 16 ಪಾಲು ಸತು, 1 ಪಾಲು ತಾಮ್ರ ಕರಗಿಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಬಳಿದು, ಚಿತ್ರ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿ ಕೂಡಿಸಿ ಬಡಿಯುತ್ತಾರೆ. ಡಬ್ಬಿಯನ್ನು ತಿರುವಿ ನೋಡಿ, “ಹುಣಸಿಹಣ್ಣು ಹಚ್ಚೀರೇನ್ರಿ? ತಾಮ್ರದ ತಂಬಗಿ ಅಂತ ತಿಳದ್ರೇನು?” ಎಂದರು. ಒಪ್ಪಿಕೊಂಡೆ.

ಅವರು ಒಳಗಿನಿಂದ ತಗಡಿನ ಡಬ್ಬವೊಂದನ್ನು ತಂದರು. ಅದರಲ್ಲಿ ಮಣ್ಣು. ಕೋಟೆಯೊಳಗೆ ಬಿಸಿಲು ಮಳೆ ಕಾಣದೆ ಉಳಿದ ಜಾಗದ ಮಣ್ಣಂತೆ. ಚಿಟಿಕೆಯಷ್ಟನ್ನು ನಾಲಿಗೆಗೆ ತಾಗಿಸಿ, ಸರಿಯಿದೆ ಎಂದು ತಲೆಯಾಡಿಸಿದರು. ನವಸಾಗರ ಕೂಡಿಸಿ ನೀರಿನಲ್ಲಿ ಕಾಯಿಸಿ, ಬೆಚ್ಚಗೆ ಮಾಡಿದ ಡಬ್ಬಿಗೆ ಉಜ್ಜತೊಡಗಿದರು. ನೋಡನೋಡುತ್ತಿದ್ದಂತೆ ಲೋಹ ಕಪ್ಪಾಯಿತು. ಬೆಳ್ಳಿಗೆ ಮಾತ್ರ ಆ ಮಣ್ಣು ಸೋಕಿದಂತೆಯೇ ಇಲ್ಲ! ಅಜ್ಜಿಯ ಹೂಬಳ್ಳಿ ಒಂದೊಂದೇ ಎಲೆಯಾಗಿ ಮೇಲೆ ಬಂತು. ಕೊನೆಗೆ ಎಣ್ಣೆ ಸವರಿ ಒರೆಸಿದರು.

“ಈ ಮಣ್ಣು ಎಷ್ಟು ದಿನ ಬರ್ತದ?” ಎಂದು ಕೇಳಿದೆ. ಡಬ್ಬದ ಮುಚ್ಚಳ ಒತ್ತುತ್ತ ಅವರು, “ನನ್ನ ಕಾಲಕ್ಕ ಸಾಕ್ರಿ. ಆಮ್ಯಾಲ ಯಾರು ಕೇಳಬೇಕು, ಹುಡುಗ್ರು ಈ ಉಳಿ ಹಿಡೀಲಿಕ್ಕೇ ಒಲ್ರು,” ಎಂದರು. ಕೂಲಿ ಹೇಳಿದ್ದಕ್ಕಿಂತ ಹೆಚ್ಚು ಕೊಡಹೋದೆ. ಹೇಳಿದಷ್ಟನ್ನೇ ಎಣಿಸಿ ತೆಗೆದುಕೊಂಡರು.

ಮನೆಗೆ ಬಂದ ದಿನ ಅಮ್ಮ ಡಬ್ಬಿಯನ್ನು ಸೆರಗಿನಿಂದ ಒರೆಸಿ, ಎರಡು ಅಡಿಕೆ ಹಾಕಿ, ನನ್ನ ಕೈಗೆಟುಕದ ಮೇಲಿನ ಗೂಡಿನಲ್ಲಿಟ್ಟರು.