ಝೀರೋ: ಗದ್ದೆಯಲ್ಲಿ ಮೀನು, ಬದುವಿನಲ್ಲಿ ರಾಗಿ



ಪ್ರವಾಸದ ಅನುಭವ ಹಂಚಿಕೊಳ್ಳಿ ಎಂದಿದ್ದೀರಿ. ನಾನು ಅರುಣಾಚಲ ಪ್ರದೇಶದ ಝೀರೋ ಎಂಬ ಪುಟ್ಟ ಊರಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ನಾವು ಆರು ಜನ ಗೆಳತಿಯರು ಹೊರಟಾಗ, "ಇಷ್ಟು ಖರ್ಚು ಮಾಡಿ ಸೊನ್ನೆಗೆ ಹೋಗ್ತೀರಾ?" ಎಂದು ಮನೆಯವರೆಲ್ಲ ತಮಾಷೆ ಮಾಡಿದ್ದರು.

ಝೀರೋ ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದಲ್ಲಿದೆ. ಸುತ್ತ ಪೈನ್ ಮರಗಳ ಬೆಟ್ಟ, ನಡುವೆ ಸಮತಟ್ಟಾದ ಗದ್ದೆ ಬಯಲು. ಅಲ್ಲಿಗೆ ಹೋಗಲು 'ಇನ್ನರ್ ಲೈನ್ ಪರ್ಮಿಟ್' ಬೇಕು, ಆನ್‌ಲೈನಿನಲ್ಲೇ ಸಿಗುತ್ತದೆ. ನಾವು ಗುವಾಹಟಿಯಿಂದ ರಾತ್ರಿ ರೈಲಿನಲ್ಲಿ ನಾಹರ್‌ಲಗುನ್‌ಗೆ ಹೋಗಿ, ಅಲ್ಲಿಂದ ಸುಮೋ ಹತ್ತಿ ನಾಲ್ಕೈದು ಗಂಟೆ ಘಾಟಿಯಲ್ಲಿ ತಿರುಗುತ್ತ ಊರು ತಲುಪಿದೆವು.

ಅಲ್ಲಿರುವವರು ಅಪತಾನಿ ಜನ. ಅವರ ಬೇಸಾಯವನ್ನು ನೋಡಲೇಬೇಕು. ಎತ್ತಿಲ್ಲ, ನೇಗಿಲಿಲ್ಲ, ಎಲ್ಲವೂ ಕೈಗೆಲಸ. ಬೆಟ್ಟದ ತೊರೆಯ ನೀರನ್ನು ಕಾಲುವೆ ಮಾಡಿ ಗದ್ದೆಯಿಂದ ಗದ್ದೆಗೆ ಹರಿಸುತ್ತಾರೆ. ಭತ್ತದ ಗದ್ದೆಯಲ್ಲೇ ಮೀನು ಮರಿ ಬಿಡುತ್ತಾರೆ. ಮೀನು ಕಸ ತಿನ್ನುತ್ತದೆ, ಅದರ ಹಿಕ್ಕೆ ಪೈರಿಗೆ ಗೊಬ್ಬರ. ನೀರು ಕಡಿಮೆಯಾದಾಗ ಮೀನಿಗೆ ಆಸರೆಯಾಗಲೆಂದು ಗದ್ದೆಯೊಳಗೆ ಸಣ್ಣ ಗುಂಡಿ ತೋಡಿರುತ್ತಾರೆ. ಇನ್ನು ಬದುವಿನ ಮೇಲೆ ಏನು ಬೆಳೆಯುತ್ತಾರೆ ಗೊತ್ತೇ? ನಮ್ಮ ರಾಗಿ! ಆ ತೆನೆ ಕಂಡಾಗ ನಮ್ಮ ಗುಂಪಿನ ಮಂಡ್ಯದವರಿಗೆ ತವರಿನವರು ಸಿಕ್ಕಷ್ಟು ಸಂತೋಷವಾಯಿತು. ಊಟಕ್ಕೆ ಕಳಲೆಯೂ ಇತ್ತು, ಮಲೆನಾಡಿನವರಿಗೂ ತೃಪ್ತಿ.

ನಾಟಿ, ಕಳೆ, ಕೊಯ್ಲು, ಇದರಲ್ಲಿ ಹೆಚ್ಚಿನ ದುಡಿಮೆ ಹೆಂಗಸರದು. ಒಬ್ಬರ ಗದ್ದೆಗೆ ಹತ್ತು ಜನ ಹೋಗುವುದು, ನಾಳೆ ಇನ್ನೊಬ್ಬರ ಗದ್ದೆಗೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯೇ. ಕಾಡು ಕಡಿದರೆ ತೊರೆ ಬತ್ತುತ್ತದೆ ಎಂದು ಅವರಿಗೆ ಗೊತ್ತು, ಹಾಗಾಗಿ ಬಿದಿರು ಮತ್ತು ಪೈನ್ ತೋಪುಗಳನ್ನು ಮನೆತನಗಳು ತಲೆಮಾರುಗಳಿಂದ ಕಾಯುತ್ತ ಬಂದಿವೆ. ಈ ಕಣಿವೆಯನ್ನು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ 2014ರಲ್ಲಿ ಸೇರಿಸಲಾಗಿದೆ.

ಆದರೆ ಬರುವ ಪ್ರವಾಸಿಗರಲ್ಲಿ ಅನೇಕರು ಹುಡುಕುವುದು ಅಲ್ಲಿನ ಅಜ್ಜಿಯರ ಮುಖವನ್ನು. ಹಣೆಯಿಂದ ಮೂಗಿನ ತುದಿವರೆಗೆ ಒಂದು ಹಚ್ಚೆಗೆರೆ, ಗಲ್ಲದ ಮೇಲೆ ಐದು ಗೆರೆ, ಮೂಗಿನ ಎರಡೂ ಬದಿಗೆ ದೊಡ್ಡ ಕಪ್ಪು ಬಿಲ್ಲೆ. ಬೇರೆ ಬುಡಕಟ್ಟಿನವರು ಹೊತ್ತೊಯ್ಯದಿರಲಿ ಎಂದು ಹೆಣ್ಣನ್ನು ಕುರೂಪ ಮಾಡುತ್ತಿದ್ದರು ಎಂಬ ಕಥೆ ಎಲ್ಲರ ಬಾಯಲ್ಲೂ ಇದೆ. ಅದು ನಮ್ಮ ಗುರುತು, ನಮ್ಮ ಚೆಲುವು ಎನ್ನುವವರೂ ಇದ್ದಾರೆ. ಓದಲು, ದುಡಿಯಲು ಹೊರಗೆ ಹೋದ ಮಕ್ಕಳನ್ನು ಜನ ಆಡಿಕೊಳ್ಳತೊಡಗಿದಾಗ, 1970ರ ದಶಕದಲ್ಲಿ ಸಮುದಾಯದ ಯುವಜನರೇ ಈ ಪದ್ಧತಿ ನಿಲ್ಲಿಸಿದರು. ಈಗ ಉಳಿದಿರುವವರು ವಯಸ್ಸಾದವರು ಮಾತ್ರ.

ನಾವು ಉಳಿದಿದ್ದ ಮನೆಯಲ್ಲೂ ಅಂಥ ಒಬ್ಬ ಅಜ್ಜಿ ಇದ್ದರು. ಅವರ ಮಗಳು ಹಿಂದಿಯಲ್ಲಿ ಹೇಳಿದರು, "ಫೋಟೋ ತೆಗೆಯುವವರು ಬಹಳ ಜನ ಬರ್ತಾರೆ ದೀದಿ, ಅಮ್ಮನ ಹೆಸರು ಕೇಳುವವರು ಕಡಿಮೆ." ಆಗ ನಮ್ಮ ಗುಂಪಿನ ಹಿರಿಯರೊಬ್ಬರು ತಮ್ಮ ಮುಂಗೈ ತೋರಿಸಿದರು. ಚಿಕ್ಕಂದಿನಲ್ಲಿ ಕೊರವಂಜಿ ಹಾಕಿದ ಹಚ್ಚೆ. ಅಜ್ಜಿ ಅದನ್ನು ಬೆರಳಿನಿಂದ ಸವರಿ ನೋಡಿ, ತಮ್ಮ ಗಲ್ಲ ಮುಟ್ಟಿಕೊಂಡು ಜೋರಾಗಿ ನಕ್ಕರು. ಭಾಷೆ ಬರದಿದ್ದರೂ ಇಬ್ಬರೂ ಅಡುಗೆಮನೆಯ ಒಲೆಯ ಮುಂದೆ ಬಹಳ ಹೊತ್ತು ಕೂತಿದ್ದರು.

ಸಹೋದರಿಯರೇ, ಆ ಜನ ಒಂದು ಸಂಪ್ರದಾಯ ಬಿಟ್ಟರು, ಇನ್ನೊಂದನ್ನು ಕೈಬಿಡದೆ ಉಳಿಸಿಕೊಂಡರು. ಬಿಟ್ಟಿದ್ದೂ ಉಳಿಸಿದ್ದೂ ಅವರದೇ ತೀರ್ಮಾನ. ನಾವು ಮಾತ್ರ ಅವರು ಬಿಟ್ಟದ್ದಕ್ಕೆ ಕ್ಯಾಮೆರಾ ಹಿಡಿದು, ಉಳಿಸಿಕೊಂಡ ಗದ್ದೆಯ ಪಕ್ಕದಲ್ಲೇ ನೋಡದೆ ಹೋಗುತ್ತೇವೆ. ಆ ಗದ್ದೆಗೂ ಈಗ ಕಷ್ಟವಿದೆ. ಓದಿದ ಮಕ್ಕಳು ಕೆಸರಿಗಿಳಿಯುವುದು ಕಡಿಮೆಯಾಗುತ್ತಿದೆ, ಕಾಂಕ್ರೀಟ್ ಮನೆಗಳು ಹೆಚ್ಚುತ್ತಿವೆ.

ನೀವು ಹೋದರೆ ಹೋಟೆಲಿಗಿಂತ ಊರಿನವರ ಮನೆಯಲ್ಲಿ ಉಳಿಯಿರಿ. ಬದುವಿನ ಮೇಲೆ ಜೋಪಾನವಾಗಿ ನಡೆಯಿರಿ. ಫೋಟೋಗೆ ಮೊದಲು ಹೆಸರು ಕೇಳಿ, ಬೇಡವೆಂದರೆ ಬಿಟ್ಟುಬಿಡಿ. ಜುಲೈ 5ರ ದ್ರೀ ಹಬ್ಬಕ್ಕೆ ಹೋದರೆ ಬೆಳೆಗಾಗಿ ಮಾಡುವ ಪೂಜೆ ನೋಡಬಹುದು, ಕೈಗೆ ಸೌತೆಕಾಯಿ ಪ್ರಸಾದವೂ ಸಿಗುತ್ತದೆ.

ಊರು ಬಿಟ್ಟು ಬಂದ ನಾವೂ ಅನೇಕ ಪದ್ಧತಿ ಬಿಟ್ಟಿದ್ದೇವೆ. ಕೆಲವನ್ನು ಬಿಟ್ಟದ್ದು ಒಳ್ಳೆಯದೇ ಆಯಿತು. ಆದರೆ ಮನೆಯಲ್ಲಿ ಕನ್ನಡ ಮಾತನಾಡುವುದನ್ನು ನಾವು ಯೋಚಿಸಿ ಬಿಡುತ್ತಿದ್ದೇವೆಯೇ, ಸುಮ್ಮನೆ ಜಾರಿಹೋಗಲು ಬಿಡುತ್ತಿದ್ದೇವೆಯೇ? ಮೊಮ್ಮಕ್ಕಳ ಜೊತೆ ಕೂತಾಗ ಇದನ್ನೊಮ್ಮೆ ಯೋಚಿಸೋಣ.