ನೀರಿನ ಮೇಲಿನ ಮನೆಗೊಂದು ಒಲೆ

ದೋಣಿಯೆಂದೊಡನೆ ನಮಗೆ ನೆನಪಾಗುವುದು ಹೊಳೆ ದಾಟಿಸುವ ಹರಿಗೋಲು, ಇಲ್ಲವೆ ಕಡಲಿಗಿಳಿಯುವ ಮೀನುಗಾರರ ದೋಣಿ. ದೋಣಿಯನ್ನೇ ಮನೆಯಾಗಿಸಿಕೊಂಡು ಬಾಳಿದ ಜನ ಇಂಗ್ಲೆಂಡಿನ ಕಾಲುವೆಗಳ ಮೇಲಿದ್ದರು. ಬೇರೊಂದು ರೀತಿಯಲ್ಲಿ ಇಂದಿಗೂ ಇದ್ದಾರೆ. ಉದ್ಯೋಗನಿಮಿತ್ತ ನಾನು ಅಲ್ಲಿದ್ದಾಗ, ಅಂಥದೊಂದು ಹಳೆಯ ಮರದ ದೋಣಿಗೆ ಒಲೆ ಕೂಡಿಸುವ ಕೆಲಸದಲ್ಲಿ ಕೈಜೋಡಿಸುವ ಅವಕಾಶ ದೊರೆಯಿತು. ಒಲೆ ಕೂಡಿಸುವುದೇನು ಮಹಾ ಎಂದು ಕೇಳುಗರಿಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು.

ಆ ಕಾಲುವೆಗಳಲ್ಲಿ ಬಹುಪಾಲು 1760ರಿಂದ 1830ರ ನಡುವೆ ತೋಡಿದವು. ನಡುನಾಡಿನ ಕಾಲುವೆಗಳಲ್ಲಿ ದೋಣಿಯನ್ನು ಏರಿಸಿ ಇಳಿಸುವ ಲಾಕುಗಳನ್ನು ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರು ಸುಮಾರು 7 ಅಡಿ ಅಗಲಕ್ಕೆ ಗೊತ್ತುಮಾಡಿದ. ಅದರಿಂದಾಗಿ ದೋಣಿಗಳು 7 ಅಡಿಗಿಂತ ಕೊಂಚ ಕಿರಿದಾಗಿ, 70 ಅಡಿಯಷ್ಟು ನೀಳವಾಗಿ ರೂಪುಗೊಂಡವು. ಕಲ್ಲಿದ್ದಲು ತುಂಬಿದ ಆ ಉದ್ದದ ತುದಿಯಲ್ಲಿ ಹತ್ತಡಿಯ ಒಂದು ಗೂಡು. ರೈಲಿನ ಪೈಪೋಟಿಯಿಂದ ಸಂಪಾದನೆ ಕುಗ್ಗಿದಾಗ ದೋಣಿಗಾರರು ಹೆಂಡತಿ ಮಕ್ಕಳನ್ನು ಆ ಗೂಡಿಗೇ ಕರೆತಂದರು. ಅಲ್ಲಿ ಎಷ್ಟು ಜನ ಮಲಗಬಹುದೆಂಬುದನ್ನು ಕಟ್ಟುಪಾಡಿಗೆ ಒಳಪಡಿಸಲು 1877ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಬಾಗಿಲಿಂದ ಒಳಗಿಳಿದೊಡನೆ ಎಡಕ್ಕೊಂದು ಕಬ್ಬಿಣದ ಒಲೆ. ಅಡಿಗೆಗೂ ಅದೇ, ಮೈ ಕಾಯಿಸುವುದಕ್ಕೂ ಅದೇ, ಒದ್ದೆ ಬಟ್ಟೆಗೂ ಅದೇ. 1962–63ರ ಭೀಕರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದ ಮೇಲೆ, ಅದಾಗಲೇ ಕ್ಷೀಣಿಸಿದ್ದ ಸರಕು ಸಾಗಣೆ ಬಹುಮಟ್ಟಿಗೆ ನಿಂತುಹೋಯಿತು.

ಉಳಿದ ದೋಣಿಗಳನ್ನು ಮನೆಯಾಗಿಸುವ ಹಂಬಲ ಅದಕ್ಕೂ ಹಿಂದಿನದು. ಎಲ್. ಟಿ. ಸಿ. ರೋಲ್ಟ್ ಎಂಬ ಲೇಖಕ ‘ಕ್ರೆಸ್ಸಿ’ ಎಂಬ ಮರದ ದೋಣಿಯನ್ನು ಬ್ಯಾನ್‌ಬರಿಯಲ್ಲಿ ಅಣಿಗೊಳಿಸಿಕೊಂಡು 1939ರಲ್ಲಿ ಮಡದಿಯೊಡನೆ ಹೊರಟ. ಆ ಪಯಣದ ಕುರಿತು 1944ರಲ್ಲಿ ಪ್ರಕಟವಾದ ಅವನ ‘ನ್ಯಾರೋ ಬೋಟ್’ ಪುಸ್ತಕ ಅನೇಕರ ತಲೆ ಕೆಡಿಸಿತು. ತಲೆ ಕೆಟ್ಟವರ ಸಾಲಿನಲ್ಲಿ ನನ್ನ ಗೆಳೆಯರೂ ಒಬ್ಬರು, ನಿವೃತ್ತ ಉಪಾಧ್ಯಾಯರು.

ಅವರ ದೋಣಿಯ ಪಕ್ಕಗಳು ಓಕ್ ಮರದವು, ತಳ ಎಲ್ಮ್ ಮರದ್ದು. ಕೊಳೆತ ಹಲಗೆಗಳನ್ನು ಬದಲಿಸಿ, ಸಂದುಗಳಿಗೆ ಡಾಂಬರು ಹಿಡಿಸಿದ ನಾರನ್ನು ಬಡಿದು ತುರುಕಿ, ಎರಡು ವರ್ಷ ದುಡಿದಿದ್ದರು. ಚಳಿಗೆಂದು ಸೀಮೆಎಣ್ಣೆಯ ಹೀಟರೊಂದನ್ನು ಇಟ್ಟುಕೊಂಡಿದ್ದರು. ಬೆಳಗಾಗುವಷ್ಟರಲ್ಲಿ ಛಾವಣಿಯ ತೊಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಲೀಟರು ಸೀಮೆಎಣ್ಣೆ ಉರಿದರೆ ಹೆಚ್ಚುಕಡಮೆ ಒಂದು ಲೀಟರು ನೀರು ಆವಿಯಾಗಿ ಹುಟ್ಟುತ್ತದೆ. ಹೊಗೆಕೊಳವೆಯಿಲ್ಲದ ಹೀಟರಿನಲ್ಲಿ ಅದೆಲ್ಲ ಕೋಣೆಯಲ್ಲೇ ಉಳಿಯುತ್ತದೆ. ಮರದ ದೋಣಿಗೆ ಕೆಳಗಿನ ನೀರಿಗಿಂತ ಮೇಲಿನ ನೀರೇ ಹೆಚ್ಚು ಹಗೆ. ಮರದಲ್ಲಿ ತೇವ ಶೇಕಡ 20ನ್ನು ಮೀರಿ ನಿಂತಿತೆಂದರೆ ಕೊಳೆಯುವ ಬೂಷ್ಟಿಗೆ ಅಡ್ಡಿಯಿಲ್ಲ. ಎರಡು ವರ್ಷದ ದುಡಿಮೆಯನ್ನು ಒಂದು ಪುಟ್ಟ ಹೀಟರು ತಿಂದುಹಾಕುತ್ತಿತ್ತು.

ಡೀಸೆಲ್ಲಿನಿಂದ ಬಿಸಿಗಾಳಿ ಊದುವ ಯಂತ್ರಗಳಿವೆ. ಅವಕ್ಕೆ ಸದಾ ಬ್ಯಾಟರಿಯ ಹಂಗು. ಆದ್ದರಿಂದ ಎರಕದ ಕಬ್ಬಿಣದ ಒಲೆಯೇ ಸರಿಯೆಂದು ತೀರ್ಮಾನವಾಯಿತು. ಅದರ ತೂಕವೋ ಆಳೊಬ್ಬನಷ್ಟು. ಒಂದು ಪಕ್ಕಕ್ಕೆ ಇಟ್ಟಕೂಡಲೆ ದೋಣಿ ಆ ಕಡೆಗೆ ವಾಲಿತು. ತಳದಲ್ಲಿದ್ದ ಭಾರದ ಇಟ್ಟಿಗೆಗಳನ್ನು ಎದುರು ಪಕ್ಕಕ್ಕೆ ಸಾಗಿಸಿ ಸಮತೂಕಕ್ಕೆ ತಂದೆವು. ಲಾಕಿನ ಗೋಡೆಗೆ ದೋಣಿ ಬಡಿಯುವುದುಂಟು. ಆದ್ದರಿಂದ ಒಲೆಯ ಕಾಲುಗಳನ್ನು ಬೋಲ್ಟಿನಿಂದ ಬಿಗಿದೆವು.

ಬಹಳ ಹೊತ್ತು ಹಿಡಿದದ್ದು ಒಲೆಯಲ್ಲ, ಒಲೆಗೂ ಮರಕ್ಕೂ ನಡುವಣ ತೆರವು. ಬಹುಕಾಲ ಬಿಸಿಗೊಡ್ಡಿದ ಮರ ಒಳಗೊಳಗೇ ಕರಿಕಾಗುತ್ತ, ಹೊಸ ಮರ ಹೊತ್ತದಷ್ಟು ಕಡಮೆ ಶಾಖಕ್ಕೂ ಒಂದು ದಿನ ಹೊತ್ತಿಕೊಳ್ಳಬಲ್ಲುದು. ಅಪಾಯ ವರ್ಷಗಳ ಕಾಲ ಕಣ್ಣಿಗೆ ಬೀಳುವುದಿಲ್ಲ. ಅದಕ್ಕಾಗಿ ಉರಿಯದ ಹಲಗೆಗಳನ್ನು ಗೋಡೆಗೆ ನೇರವಾಗಿ ಅಂಟಿಸದೆ, ಹಿಂದೆ ಒಂದು ಅಂಗುಲ ಗಾಳಿ ಆಡಲು ಬಿಟ್ಟು ನಿಲ್ಲಿಸಿದೆವು. ಛಾವಣಿಯಲ್ಲಿ ಹೊಗೆಕೊಳವೆಗೆ ಬೇಕಾದುದಕ್ಕಿಂತ ಬಹಳ ದೊಡ್ಡ ತೂತು ಕೊರೆದು, ಲೋಹದ ತಟ್ಟೆಯನ್ನು ಕೂಡಿಸಿ, ಮರವನ್ನು ಕೊಳವೆಯಿಂದ ದೂರವಿರಿಸಿದೆವು. ತಾವೇ ಜೋಡಿಸಿದ ಹಲಗೆಗಳಿಗೆ ಗರಗಸವಿಡುವಾಗ ಗೆಳೆಯರು ಮಾತಾಡಲಿಲ್ಲ.

ಮೊದಲ ಉರಿಯ ದಿನ ದೋಣಿಯೊಳಗೆ ಮಲೆನಾಡಿನ ಬಚ್ಚಲೊಲೆಯ ಮುಂದೆ ಕುಳಿತ ಹಿತ. ತೊಲೆಗಳು ಒಣಗಿದ್ದವು. ರಾತ್ರಿ ನಾನು ಅಲ್ಲಿಯೇ ಉಳಿದೆ. ಮಲಗುವ ಮುನ್ನ ಕಲ್ಲಿದ್ದಲು ಹಾಕಿ, ಒಲೆಯ ಗಾಳಿಯನ್ನು ತಗ್ಗಿಸಿ, ಕೆಂಡ ಬೆಳಗಿನವರೆಗೆ ನಿಲ್ಲುವಂತೆ ಮಾಡುವುದು ಅಲ್ಲಿಯ ರೂಢಿ. ನನ್ನ ತಲೆಯ ಬಳಿಯೇ ಒಂದು ಗಾಳಿಕಿಂಡಿ. ಅದರಿಂದ ಸೂಜಿಯಂತೆ ಚಳಿ ಇರಿಯುತ್ತಿತ್ತು. ಬೆಚ್ಚನೆಯ ನಾಡಿನವನು ನಾನು. ಹಳೆಯ ವೃತ್ತಪತ್ರಿಕೆಯನ್ನು ಮುದುರಿ ಅದರೊಳಗೆ ತುರುಕಿದೆ. ಆ ಬದಿಯಲ್ಲಿ ಇನ್ನೊಂದು ಕಿಂಡಿಯಿತ್ತು, ಅದಕ್ಕೂ ತುರುಕಿದೆ.

ನಡುರಾತ್ರಿ ಕಳೆದ ಮೇಲೆ ಕಿವಿ ಹರಿಯುವಂಥ ಕೂಗು. ಗೋಡೆಯ ಮೇಲಿನ ಚಿಕ್ಕ ಬಿಳಿಯ ಡಬ್ಬಿ ಅರಚುತ್ತಿತ್ತು. ಗಾಳಿ ಸಾಲದೆ ಉಸಿರುಗಟ್ಟಿದ ಕೆಂಡ ಕಾರ್ಬನ್ ಮಾನಾಕ್ಸೈಡನ್ನು ಕಾರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ರಕ್ತವನ್ನು ಹಿಡಿದುಕೊಳ್ಳುತ್ತದೆ. ಮಲಗಿದವನು ಮಲಗಿದಂತೆಯೇ ಹೋಗುತ್ತಾನೆ. ಜನ ಮಲಗುವ ದೋಣಿಗಳಲ್ಲಿ ಅಂಥ ಎಚ್ಚರಿಕೆಯ ಡಬ್ಬಿ ಇರಲೇಬೇಕೆಂಬ ನಿಯಮ ಆ ಕಾಲುವೆಗಳಲ್ಲಿ 2019ರ ಏಪ್ರಿಲಿನಿಂದ ಜಾರಿಯಲ್ಲಿದೆ. ಅದೊಂದು ಇಲ್ಲದಿದ್ದರೆ ಈ ಭಾಷಣವೂ ಇರುತ್ತಿರಲಿಲ್ಲ.

ಬಾಗಿಲುಗಳನ್ನು ತೆರೆದಿಟ್ಟು, ಕಂಬಳಿ ಹೊದ್ದು, ಇಬ್ಬರೂ ದಡದ ಹಿಮ ಕವಿದ ಹುಲ್ಲಿನ ಮೇಲೆ ನಿಂತೆವು. ತಲೆ ಭಾರವಾಗಿತ್ತು. ಕಾಗದದ ಸಂಗತಿಯನ್ನು ನಾನೇ ಹೇಳಿದೆ. ಗೆಳೆಯರು ಬಯ್ಯಲಿಲ್ಲ; ಒಳಗೆ ಹೋಗಿ ಎರಡು ಉಂಡೆಗಳನ್ನೂ ಎಳೆದು ತಂದು ನನ್ನ ಕೈಗಿತ್ತರು.

ಮರುದಿನ ಅವರು ಹಿತ್ತಾಳೆಯ ಎರಡು ತೂತುತಟ್ಟೆಗಳನ್ನು ತಂದರು. ಕಾಗದವಾಗಲಿ ಬಟ್ಟೆಯಾಗಲಿ ತುರುಕಲಾಗದಂತೆ ಅವನ್ನು ಕಿಂಡಿಗಳ ಬಾಯಿಗೆ ಕೂಡಿಸಬೇಕಾಗಿತ್ತು. ಸ್ಕ್ರೂಡ್ರೈವರನ್ನು ನನ್ನ ಕಡೆಗೆ ಚಾಚಿದರು. ಎಂಟು ತಿರುಪುಗಳನ್ನೂ ನಾನೇ ಬಿಗಿದೆ.