ಟೆಂಡರು ಕೈತಪ್ಪಿದರೆ ಹತ್ತು ದಿನಗಳ ಲೆಕ್ಕ
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಪಠ್ಯಪುಸ್ತಕ, ಶಿಕ್ಷಕರ ನೇಮಕ ಇವುಗಳ ಚರ್ಚೆಯಾಗುವ ಸಭೆಯಲ್ಲಿ ಟೆಂಡರಿನ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಆದರೆ ನಿಮ್ಮಲ್ಲಿ ಗಾರೆ ಕೆಲಸದ ಮೇಸ್ತ್ರಿಗಳಿದ್ದೀರಿ, ಲಾರಿ ಇಟ್ಟುಕೊಂಡವರಿದ್ದೀರಿ, ಹೊಲಿಗೆ ಯಂತ್ರವನ್ನೇ ನಂಬಿದ ಮಹಿಳಾ ಸಂಘದವರೂ ಇದ್ದೀರಿ. ಶಾಲೆಯ ಆವರಣಗೋಡೆ, ಪಂಚಾಯತಿಯ ಚರಂಡಿ, ಸಮವಸ್ತ್ರದ ಸರಬರಾಜು ಇಂಥ ಚಿಕ್ಕ ಕೆಲಸವೊಂದು ಸಿಕ್ಕರೆ ಮಗುವಿನ ಒಂದು ವರ್ಷದ ಓದು ನಿಶ್ಚಿಂತೆ. ಅದು ಅನ್ಯಾಯವಾಗಿ ಬೇರೊಬ್ಬರ ಪಾಲಾದಾಗ ನಮ್ಮ ಜನ ಸುಮ್ಮನಾಗಿಬಿಡುತ್ತಾರೆ. ಕಾಗದದ ಭಾಷೆ ನಮ್ಮದಲ್ಲ ಎಂಬ ಅಳುಕು ಇದಕ್ಕೆ ಅರ್ಧ ಕಾರಣ.

ಈ ವಿಷಯದಲ್ಲಿ ನಮ್ಮ ದೇಶದ ಕಾನೂನಿಗೆ ಬುನಾದಿ ಹಾಕಿದ್ದು ಒಂದು ತಿಂಡಿ ಅಂಗಡಿಯ ತಕರಾರು. 1977ರ ಜನವರಿಯಲ್ಲಿ ಮುಂಬಯಿ ವಿಮಾನ ನಿಲ್ದಾಣದಲ್ಲಿ ಎರಡನೆಯ ದರ್ಜೆಯ ಒಂದು ಉಪಾಹಾರಗೃಹವನ್ನೂ ಎರಡು ತಿಂಡಿ ಅಂಗಡಿಗಳನ್ನೂ 3 ವರ್ಷ ನಡೆಸಲು ಟೆಂಡರು ಕರೆದರು. ಕನಿಷ್ಠ 5 ವರ್ಷ ಅನುಭವವುಳ್ಳ, ಆ ದರ್ಜೆಯ ನೋಂದಾಯಿತ ಹೋಟೆಲಿನವರೇ ಅರ್ಜಿ ಹಾಕಬೇಕೆಂಬುದು ಷರತ್ತು. ಕೆಲಸ ದಕ್ಕಿದ್ದು ಕ್ಯಾಂಟೀನು ನಡೆಸಿದ ಅನುಭವವಿದ್ದ, ಆದರೆ ಷರತ್ತಿಗೆ ಹೊಂದದ ಒಬ್ಬರಿಗೆ. 'ಷರತ್ತು ಸಡಿಲಿಸುತ್ತಾರೆಂದು ಗೊತ್ತಿದ್ದರೆ ನಾನೂ ಟೆಂಡರು ಹಾಕುತ್ತಿದ್ದೆ' ಎಂದು ಇನ್ನೊಬ್ಬರು ಕೋರ್ಟಿಗೆ ಹೋದರು. ರಮಣ ದಯಾರಾಮ ಶೆಟ್ಟಿ ಮೊಕದ್ದಮೆ ಎಂದು ವಕೀಲರು ಇಂದಿಗೂ ಉದಾಹರಿಸುವುದು ಇದನ್ನೇ. ಸರಕಾರಿ ಸಂಸ್ಥೆ ತಾನು ಸಾರಿದ ಅಳತೆಗೋಲಿಗೆ ತಾನೂ ಬದ್ಧ, ಮನಬಂದವರಿಗೆ ಗುತ್ತಿಗೆ ಹಂಚುವಂತಿಲ್ಲ ಎಂದು ಸುಪ್ರೀಂ ಕೋರ್ಟು 1979ರಲ್ಲಿ ತೀರ್ಪಿತ್ತಿತು. ಬರೆದವರು ನ್ಯಾಯಮೂರ್ತಿ ಪಿ. ಎನ್. ಭಗವತಿ.

ಆದರೆ ಅರ್ಜಿದಾರರಿಗೆ ಸಿಕ್ಕಿದ್ದೇನು? ಏನೂ ಇಲ್ಲ. ಟೆಂಡರು ಅಂಗೀಕಾರವಾಗಿ 5 ತಿಂಗಳು ಕಳೆದ ಮೇಲೆ ಅವರು ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಅಷ್ಟರಲ್ಲಿ ಗುತ್ತಿಗೆ ಪಡೆದವರು ಸುಮಾರು 1,25,000 ರೂಪಾಯಿ ಖರ್ಚು ಮಾಡಿದ್ದರು. ಅರ್ಜಿಯ ಹಿಂದಿನ ಉದ್ದೇಶದ ಬಗ್ಗೆಯೂ ಕೋರ್ಟಿಗೆ ಸಂಶಯವಿತ್ತು. ತತ್ವ ಗೆದ್ದಿತು, ಅರ್ಜಿ ವಜಾ ಆಯಿತು.

ಆದ್ದರಿಂದ ದಿನಗಳನ್ನು ಎಣಿಸಿ. ತಾಳವಾಡಿ, ಹೊಸೂರು, ನೀಲಗಿರಿಯವರಿಗೆ ತಮಿಳುನಾಡಿನ 1998ರ ಟೆಂಡರು ಪಾರದರ್ಶಕತೆ ಕಾಯ್ದೆ ಇದೆ. ಅದರ 11ನೆಯ ಕಲಮಿನಂತೆ ಟೆಂಡರು ಅಂಗೀಕಾರದ ಆದೇಶ ಕೈಸೇರಿದ 10 ದಿನಗಳೊಳಗೆ ಸರಕಾರಕ್ಕೆ ಮೇಲ್ಮನವಿ ಸಲ್ಲಿಸಬೇಕು. ಮೈಸೂರು ಕಡೆಯ ನೆಂಟರು 30 ದಿನ ಎನ್ನುತ್ತಾರೆ. ಅದು ಕರ್ನಾಟಕದ 1999ರ ಕಾಯ್ದೆಯ ಮಾತು, ಗಡಿ ದಾಟಿದರೆ ನಡೆಯದು. ಕೆಲವು ಬಗೆಯ ಕೆಲಸಗಳಿಗೆ ಕಾಯ್ದೆಯಿಂದ ವಿನಾಯಿತಿಯೂ ಇರುವುದರಿಂದ ನಿಮ್ಮ ಕೆಲಸ ಯಾವುದರಲ್ಲಿ ಬರುತ್ತದೆಂದು ಮೊದಲೇ ವಿಚಾರಿಸಿಕೊಳ್ಳಿ. ಇಂಥ ಮೇಲ್ಮನವಿಯ ಅವಕಾಶ ಇಲ್ಲದೆಡೆ ಟೆಂಡರು ಕರೆದ ಅಧಿಕಾರಿಗೂ ಅವರ ಮೇಲಿನವರಿಗೂ ಕೂಡಲೇ ಬರೆದು, ನಿಮ್ಮ ಟೆಂಡರನ್ನು ತಳ್ಳಿದ ಕಾರಣವನ್ನು ಲಿಖಿತವಾಗಿ ಕೇಳಿ.

ಯಾವ ಭಾಷೆಯಲ್ಲಿ ಬರೆಯುವುದು? ಸಂವಿಧಾನದ 350ನೆಯ ವಿಧಿಯನ್ನು ಓದಿಕೊಳ್ಳಿ. ಕುಂದುಕೊರತೆಯ ಮನವಿಯನ್ನು ರಾಜ್ಯದ ಯಾವುದೇ ಅಧಿಕಾರಿಗೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಮಕ್ಕಳಿಗೆ ತಾಯ್ನುಡಿಯ ಪ್ರಾಥಮಿಕ ಶಿಕ್ಷಣದ ಮಾತೆತ್ತುವ 350ಎ ಅದರ ಪಕ್ಕದಲ್ಲೇ ಇದೆ. ಒಂದನ್ನು ಬಲ್ಲ ನಾವು ಇನ್ನೊಂದನ್ನು ಮರೆತಿದ್ದೇವೆ. ಮನವಿ ಕನ್ನಡದಲ್ಲೇ ಇರಲಿ. ಜೊತೆಗೆ ರಾಜ್ಯಭಾಷೆಯಲ್ಲಿ ಒಂದು ಪುಟದ ಸಾರಾಂಶ ಲಗತ್ತಿಸಿದರೆ ಗುಮಾಸ್ತರು ಕಡತವನ್ನು ಬದಿಗಿಡಲು ನೆಪ ಉಳಿಯದು. ಮಾಹಿತಿ ಹಕ್ಕಿನ ಅರ್ಜಿಗೆ ಮಾತ್ರ ಇಂಗ್ಲಿಷ್, ಹಿಂದಿ ಇಲ್ಲವೇ ಆ ಪ್ರದೇಶದ ಅಧಿಕೃತ ಭಾಷೆ ಎಂದು 2005ರ ಕಾಯ್ದೆ ಹೇಳುತ್ತದೆ. ಅದರ ಉತ್ತರಕ್ಕೆ 30 ದಿನಗಳ ಗಡುವು. 10 ದಿನದ ಮೇಲ್ಮನವಿಯನ್ನು ಅದಕ್ಕಾಗಿ ಕಾಯಿಸಬೇಡಿ.

ಅಲ್ಲಿಗೂ ನ್ಯಾಯ ಸಿಗದಿದ್ದರೆ ಸಂವಿಧಾನದ 226ನೆಯ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. 'ನನ್ನ ಕೆಲಸ ಅವನದಕ್ಕಿಂತ ಚೆನ್ನ' ಎಂಬ ವಾದ ಅಲ್ಲಿ ನಿಲ್ಲದು. ನಿರ್ಧಾರದ ಗುಣದೋಷವನ್ನಲ್ಲ, ಅದನ್ನು ತೆಗೆದುಕೊಂಡ ರೀತಿಯನ್ನು ಮಾತ್ರ ನೋಡುತ್ತೇವೆ ಎಂದು ಸುಪ್ರೀಂ ಕೋರ್ಟು 1994ರ ಟಾಟಾ ಸೆಲ್ಯುಲಾರ್ ಮೊಕದ್ದಮೆಯಲ್ಲಿ ಹೇಳಿದೆ. ದುರುದ್ದೇಶ ಅಥವಾ ಪಕ್ಷಪಾತ ಇದೆಯೇ, ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗಿದೆಯೇ ಎಂಬ ಪ್ರಶ್ನೆಗಳನ್ನು 2006ರ ಜಗದೀಶ ಮಂಡಲ್ ತೀರ್ಪು ಮುಂದಿಟ್ಟಿತು. ಕೆಲಸ ನಿಲ್ಲಿಸುವ ತಡೆಯಾಜ್ಞೆ ಕೊಡಲು ಕೋರ್ಟುಗಳು ಹಿಂಜರಿಯಬೇಕು, ತಪ್ಪು ಕಂಡರೆ ನಷ್ಟ ಪರಿಹಾರದ ದಾರಿ ಹಿಡಿಯಬೇಕು ಎಂದು 2022ರಲ್ಲಿ ಎನ್. ಜಿ. ಪ್ರಾಜೆಕ್ಟ್ಸ್ ಮೊಕದ್ದಮೆಯಲ್ಲಿ ಅದೇ ಕೋರ್ಟು ಸೂಚಿಸಿತು. ಸಣ್ಣವರಿಗೆ ಇದು ಕಷ್ಟದ ತೀರ್ಪೆಂದೇ ನನ್ನ ಅಭಿಪ್ರಾಯ. ವರ್ಷಗಟ್ಟಲೆ ಸಿವಿಲ್ ದಾವೆ ನಡೆಸಿ ಪರಿಹಾರ ಪಡೆಯುವ ಶಕ್ತಿ ಒಬ್ಬ ಮೇಸ್ತ್ರಿಗೆ ಎಲ್ಲಿದೆ? ಹಾಗಾಗಿಯೇ, ಕರಾರಿಗೆ ಸಹಿ ಬೀಳುವ ಮೊದಲೇ ನಿಮ್ಮ ಆಕ್ಷೇಪ ಕಡತದಲ್ಲಿ ಇರಬೇಕು. ಷರತ್ತೇ ಅನ್ಯಾಯವೆನಿಸಿದರೆ ಟೆಂಡರು ಹಾಕುವ ಮುನ್ನವೇ ತಕರಾರು ಎತ್ತಿ. ಒಪ್ಪಿ ಭಾಗವಹಿಸಿ, ಸೋತ ಮೇಲೆ ದೂರಿದರೆ ಕೋರ್ಟುಗಳು ಸಾಮಾನ್ಯವಾಗಿ ಕೇಳುವುದಿಲ್ಲ.

ಹೈಕೋರ್ಟು ದೂರ ಎನ್ನುವಿರಿ. ಅಕ್ಕಲಕೋಟೆ, ಸೊಲ್ಲಾಪುರ, ಜತ್ತದವರಿಗೆ ಆ ದೂರ ಕಡಿಮೆಯಾಗಿದೆ: 2025ರ ಆಗಸ್ಟಿನಿಂದ ಬಾಂಬೆ ಹೈಕೋರ್ಟಿನ ಸಂಚಾರಿ ಪೀಠ ಕೊಲ್ಲಾಪುರದಲ್ಲಿ ಕುಳಿತುಕೊಳ್ಳುತ್ತಿದೆ. ಕಾಸರಗೋಡಿನವರು ಎರ್ನಾಕುಲಂಗೆ, ಆದವಾನಿ, ಮಡಕಶಿರಾದವರು ಅಮರಾವತಿಗೆ ಹೋಗಲೇಬೇಕು. ಖರ್ಚಿನ ವಿಷಯದಲ್ಲಿ ಒಂದು ಮಾತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಂತೆ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಉಂಟು. ಹೊಲಿಗೆ ಸಂಘದ ತಾಯಂದಿರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗುವಾಗ ಟೆಂಡರು ಪ್ರಕಟಣೆ, ಠೇವಣಿಯ ರಸೀತಿ, ಟೆಂಡರು ತೆರೆದ ದಿನದ ಹಾಳೆಯ ನಕಲು, ತಿರಸ್ಕಾರದ ಪತ್ರ ಇಷ್ಟನ್ನು ಒಯ್ಯಿರಿ. ಮನವಿ ಕೊಟ್ಟ ಕಚೇರಿಯ ಸ್ವೀಕೃತಿ ಮುದ್ರೆಯಲ್ಲಿ ತಾರೀಖು ಸ್ಪಷ್ಟವಾಗಿ ಬಿದ್ದಿದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ.